ಬೀಗರ ಮುಂದೆ ರಕ್ತದ ಗುಟ್ಟನ್ನು ಹೇಳತಕ್ಕದ್ದೋ?

ಹೆಣ್ಣು ನೋಡಲು ಬಂದವರ ಮುಂದೆ ನಾವು ಏನನ್ನು ಹೇಳುತ್ತೇವೆ, ಏನನ್ನು ಹೇಳದೆ ಬಿಡುತ್ತೇವೆ ಎಂಬದನ್ನು ವಾಚಕರು ಬಲ್ಲರು. ಹೊಲ ಎಷ್ಟು ಎಕರೆ, ಹುಡುಗಿ ಎಷ್ಟು ಓದಿದಳು, ಅಡಿಗೆ ಬಲ್ಲಳೋ, ಹಾಡು ಬಲ್ಲಳೋ ಎಂಬ ಮಾತುಗಳು ಪಡಸಾಲೆಯಲ್ಲಿ ಎಲ್ಲರೂ ಕೇಳುವಂತೆ ನಡೆಯುವವು. ಅಜ್ಜನಿಗೆ ಇದ್ದ ಕುಷ್ಠ, ಚಿಕ್ಕಮ್ಮನಿಗೆ ಬರುತ್ತಿದ್ದ ಮೂರ್ಛೆ, ಅಣ್ಣನು ಮಾಡಿದ ಸಾಲ, ಇವು ಅಡಿಗೆಮನೆಯ ಹೊಸ್ತಿಲು ದಾಟುವದಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬದು ನಮ್ಮ ನಾಡಿನ ಗಾದೆ. ಸಭೆಗೆ ಸೇರಿದ ಮೇಲೆ ನಾವು ಬಹಳ ಹಳೆಯ ಗಾದೆಗಳನ್ನು ಬಿಟ್ಟೆವು; ಇದೊಂದನ್ನು ಬಿಟ್ಟಿದ್ದೇವೆಂದು ಹೇಳುವ ಧೈರ್ಯ ನಮಗಿಲ್ಲ.

ಸ್ವಲ್ಪ ಕಾಲದ ಹಿಂದೆ ಒಬ್ಬ ತಾಯಿಯು ನಮ್ಮ ಜಗಲಿಯ ಮೇಲೆ ಕೂತು ಒಂದು ಪ್ರಶ್ನೆಯನ್ನು ಕೇಳಿದಳು. ಆಗ ನಾವು ಕೊಟ್ಟ ಉತ್ತರವು ನಮ್ಮ ಮನಸ್ಸಿಗೇ ಒಪ್ಪದೆ ಹೋದದರಿಂದ ಇದನ್ನು ಬರೆಯುತ್ತೇವೆ. ಆಕೆಯ ಅಪ್ಪಣೆ ಪಡೆದೇ ಬರೆಯುತ್ತೇವೆ. ಗುರುತು ಸಿಕ್ಕದಂತೆ ಕೆಲವು ಸಂಗತಿಗಳನ್ನು ಬದಲಿಸಿದ್ದೇವೆ. ಆಕೆಯ ಕಿರಿಯ ಮಗನಿಗೆ ಹನ್ನೊಂದು ವರುಷ. ಅವನಿಗೆ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ. ಮೂರು ವಾರಗಳಿಗೊಮ್ಮೆ ಬೆಳಗಿನ ಬಸ್ಸಿಗೆ ಅವನನ್ನು ಪಟ್ಟಣದ ಆಸ್ಪತ್ರೆಗೆ ಕರಕೊಂಡು ಹೋಗಿ, ರಕ್ತ ಹಾಕಿಸಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವಳು. ಹಿರಿಯ ಮಗಳಿಗೆ ಇಪ್ಪತ್ತೆರಡು. ಹೊಲಿಗೆಯ ಕೆಲಸದಿಂದ ಮನೆಗೆ ಆಧಾರವಾಗಿದ್ದಾಳೆ. ಅವಳಿಗೆ ಒಂದು ಒಳ್ಳೆಯ ಸಂಬಂಧ ಬಂದಿತ್ತು.

“ಅಯ್ಯಾ, ಹುಡುಗನ ಕಾಯಿಲೆಗೆ ಮೈಯಲ್ಲಿ ರಕ್ತ ಕಡಿಮೆ ಎಂದಷ್ಟೇ ಅವರಿಗೆ ಹೇಳಿದ್ದೇವೆ. ಮಗಳ ರಕ್ತದಲ್ಲಿಯೂ ಅದರ ಅಂಶ ಇದೆಯೆಂದು ಡಾಕ್ಟರರು ಬರೆದುಕೊಟ್ಟಿದ್ದಾರೆ. ಅದನ್ನು ಹೇಳಿದರೆ ಈ ಸಂಬಂಧ ಹೋಗುತ್ತದೆ. ಅವಳ ಹಿಂದೆ ಇನ್ನಿಬ್ಬರು ಹೆಣ್ಣುಮಕ್ಕಳಿದ್ದಾರೆ. ಹೇಳದಿದ್ದರೆ ತಪ್ಪೋ?” ಎಂದು ಕೇಳಿದಳು.

ಸತ್ಯವನ್ನೇ ಹೇಳಿಬಿಡಿರಿ ಎಂದು ನಾವು ಕೂಡಲೆ ಅಂದೆವು. ಆಕೆ ಏನೂ ಎದುರಾಡದೆ ಎದ್ದು ಹೋದಳು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಯಾಕಂದರೆ ಆ ಸತ್ಯಕ್ಕೆ ನಮ್ಮ ಕೈಯಿಂದ ಒಂದು ಕಾಸೂ ಹೋಗುವದಿಲ್ಲ. ಬೆಲೆಯನ್ನೆಲ್ಲಾ ತೆರಬೇಕಾದವಳು ಆ ಹುಡುಗಿ. ಮತ್ತೊಬ್ಬರ ಗಂಟಿನಿಂದ ದಾನಮಾಡುವದು ಸುಲಭ.

ಆದಕಾರಣ ಸಂಗತಿಯನ್ನು ಬುಡದಿಂದ ನೋಡೋಣ.

ನಮ್ಮ ರಕ್ತದ ಕೆಂಪು ಕಣಗಳಲ್ಲಿ ಹೀಮೋಗ್ಲೋಬಿನ್ ಎಂಬ ವಸ್ತುವಿದೆ. ಶ್ವಾಸದಿಂದ ಒಳಗೆ ಬಂದ ಪ್ರಾಣವಾಯುವನ್ನು ಹೊತ್ತು ಮೈಯ ಮೂಲೆ ಮೂಲೆಗೂ ಮುಟ್ಟಿಸುವದು ಇದೇ. ಇದರ ಒಂದು ಮುಖ್ಯ ಭಾಗವನ್ನು ಮಾಡುವ ಕ್ರಮವು ವಂಶವಾಹಿಗಳಲ್ಲಿ ಅಡಗಿರುವದು. ಒಂದು ತಂದೆಯಿಂದ, ಒಂದು ತಾಯಿಯಿಂದ, ಹೀಗೆ ಪ್ರತಿಯೊಬ್ಬನಿಗೆ ಎರಡು ಬರುವವು. ಬಂಡಿಗೆ ಕಟ್ಟಿದ ಎರಡು ಎತ್ತುಗಳನ್ನು ನೆನಸಿರಿ. ಒಂದು ಕುಂಟಿದರೂ ಇನ್ನೊಂದು ಬಲವಾಗಿದ್ದರೆ ಬಂಡಿ ಹೇಗೂ ಊರು ಮುಟ್ಟುವದು. ಎರಡೂ ಕುಂಟಿದರೆ ಹಳ್ಳದಲ್ಲೇ ನಿಲ್ಲುವದು. ಒಂದು ಮಾತ್ರ ಕೆಟ್ಟಿರುವವರು ರೋಗಿಗಳಲ್ಲ, ಅವರನ್ನು ವಾಹಕರೆನ್ನುವರು. ಅವರು ಹೊಲ ಉಳುವರು, ಮಕ್ಕಳನ್ನು ಹೆರುವರು, ಮುದುಕರಾಗುವರು. ರಕ್ತ ತುಸು ಕಡಿಮೆಯಿದೆ ಎಂದು ಕಬ್ಬಿಣದ ಗುಳಿಗೆಗಳನ್ನು ವೃಥಾ ನುಂಗುವದೊಂದೇ ಅವರಲ್ಲಿ ಕೆಲವರಿಗೆ ಬರುವ ತೊಂದರೆ. ಎರಡೂ ಕೆಟ್ಟ ಮಗುವು ಮಾತ್ರ ಹುಟ್ಟಿದ ಕೆಲವು ತಿಂಗಳಲ್ಲೇ ಬಿಳಚಿಕೊಂಡು, ಗುಲ್ಮ ಊದಿ, ಪರರ ರಕ್ತದಿಂದ ಬದುಕಬೇಕಾಗುವದು. ಪದೇ ಪದೇ ಹಾಕಿಸಿದ ರಕ್ತದಲ್ಲಿರುವ ಕಬ್ಬಿಣವು ಹೃದಯದಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಕೊಳ್ಳುವದರಿಂದ ಅದನ್ನು ತೆಗೆಯುವದಕ್ಕೆ ಬೇರೆ ಔಷಧ ಬೇಕು. ೧೯೨೫ರಲ್ಲಿ ಅಮೇರಿಕಾದ ಡೆಟ್ರಾಯ್ಟ್ ಪಟ್ಟಣದ ಮಕ್ಕಳ ವೈದ್ಯರಾದ ಥಾಮಸ್ ಕೂಲಿ ಎಂಬವರು ಇದನ್ನು ಮೊದಲು ಬೇರೆ ರೋಗವೆಂದು ಗುರುತಿಸಿದರು. ಮೆಡಿಟರೇನಿಯನ್ ಸಮುದ್ರದ ಸುತ್ತಣ ಜನರಲ್ಲಿ ಹೆಚ್ಚಾಗಿ ಕಂಡದರಿಂದ, ಗ್ರೀಕ್ ಭಾಷೆಯಲ್ಲಿ ಸಮುದ್ರವೆಂಬ ಅರ್ಥದ ಮಾತಿನಿಂದ ೧೯೩೨ರಲ್ಲಿ ಈ ಹೆಸರು ಹುಟ್ಟಿತು. ಆದರೆ ಇದು ಆ ಸಮುದ್ರದವರಿಗೆ ಮಾತ್ರ ಸೇರಿದ್ದಲ್ಲ. ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಜನರು ವಾಹಕರೆಂದು ಲೆಕ್ಕಹಾಕಿದ್ದಾರೆ.

ವಾಹಕನಾದ ಗಂಡನಿಗೆ ವಾಹಕಳಾದ ಹೆಂಡತಿ ಸಿಕ್ಕಿದರೆ ಪ್ರತಿಯೊಂದು ಬಸುರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ರೋಗದ ಭಯವಿರುವದು. ನಾಲ್ಕು ಮಕ್ಕಳಲ್ಲಿ ಒಂದು ಎಂದು ಇದರ ಅರ್ಥವಲ್ಲ. ಎರಡು ಕವಡೆಗಳನ್ನು ಎಸೆದರೆ ಎರಡೂ ಬೋರಲು ಬೀಳುವಂತೆ ಇದು. ಹಿಂದಿನ ಸಲ ಏನು ಬಿತ್ತೆಂಬದು ಕವಡೆಗಳಿಗೆ ನೆನಪಿರುವದಿಲ್ಲ. ಒಂದು ರೋಗದ ಮಗು ಹುಟ್ಟಿಯಾಯಿತು, ಇನ್ನು ಮೂರು ನಿರ್ಭಯ ಎಂದು ನಂಬಿ ಕೆಟ್ಟವರಿದ್ದಾರೆ.

ಇದರಿಂದ ಒಂದು ಮಾತು ತಾನಾಗಿಯೇ ತೀರುವದು. ಹುಟ್ಟುಕುರುಡನನ್ನು ಕಂಡು, ಪಾಪಮಾಡಿದವರು ಯಾರು, ಇವನೋ ಇವನ ಹೆತ್ತವರೋ ಎಂದು ಶಿಷ್ಯರು ಕೇಳಿದ ಪ್ರಶ್ನೆಯು ನಮ್ಮ ಊರುಗಳಲ್ಲಿ ಇನ್ನೂ ಬದುಕಿದೆ. ಉತ್ತರವಾಗಿ ಸೊಸೆಯ ಕಡೆಗೆ ಬೆರಳು ತೋರಿಸುವದು ರೂಢಿ. ಆದರೆ ಈ ರೋಗದಲ್ಲಿ ತಂದೆಯ ಪಾಲೂ ತಾಯಿಯ ಪಾಲೂ ಕೂದಲಿನಷ್ಟೂ ಹೆಚ್ಚು ಕಡಿಮೆಯಿಲ್ಲ. ಅಷ್ಟೇ ಅಲ್ಲ, ಆ ಪಾಲು ಒಂದು ಕಾಲದಲ್ಲಿ ಕಾವಲಾಗಿತ್ತು. ಮಲೇರಿಯಾ ಹೆಚ್ಚಿದ್ದ ಸೀಮೆಗಳಲ್ಲಿ ವಾಹಕರು ಆ ಜ್ವರವನ್ನು ಇತರರಿಗಿಂತ ಚೆನ್ನಾಗಿ ತಡೆದಿರಬೇಕೆಂದು ಜೆ. ಬಿ. ಎಸ್. ಹಾಲ್ಡೇನರು ೧೯೪೯ರಲ್ಲಿ ಬರೆದರು. ಇದರ ದಾಯಾದಿಯಾದ ಕುಡುಗೋಲು ಕಣ ರೋಗದ ವಿಷಯದಲ್ಲಿ ಆಂತೋನಿ ಆಲಿಸನ್ ಎಂಬವರು ಆಫ್ರಿಕದಲ್ಲಿ ಅದನ್ನೇ ಶೋಧಿಸಿ ೧೯೫೪ರಲ್ಲಿ ಪ್ರಕಟಿಸಿದರು. ಮಲೆನಾಡಿನ ಚಳಿಜ್ವರದ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದು ಚೆನ್ನಾಗಿ ತಿಳಿಯಬೇಕು. ಅಜ್ಜಂದಿರನ್ನು ಬದುಕಿಸಿದ ಗುರಾಣಿಯು ಮೊಮ್ಮಗನಿಗೆ ಭಾರವಾಯಿತು. ಇದರಲ್ಲಿ ಶಾಪವೆಲ್ಲಿ?

ಇನ್ನು ಆ ಹುಡುಗಿಯ ರಕ್ತವನ್ನು ಪರೀಕ್ಷಿಸಿದ್ದು ಯಾಕೆಂಬದನ್ನು ಹೇಳಬೇಕು; ಯಾಕಂದರೆ ನಮ್ಮ ವಿಚಾರವೆಲ್ಲಾ ಇದರ ಮೇಲೆಯೇ ನಿಂತಿದೆ.

ಈ ಕಾಯಿಲೆಯನ್ನು ಬೇರುಸಹಿತ ಕಳೆಯುವ ಹಳೆಯ ಉಪಾಯವೆಂದರೆ, ರಕ್ತ ಹುಟ್ಟುವ ಸ್ಥಳವಾದ ಎಲುಬಿನ ಮಜ್ಜೆಯನ್ನು ಔಷಧಗಳಿಂದ ಬರಿದುಮಾಡಿ ಇನ್ನೊಬ್ಬರ ಮಜ್ಜೆಯನ್ನು ಅಲ್ಲಿ ನೆಡುವದು. ೧೯೮೧ರಲ್ಲಿ ಅಮೇರಿಕಾದ ಸಿಯಾಟಲ್ ಪಟ್ಟಣದಲ್ಲಿ ಡೊನಾಲ್ ಥಾಮಸ್ ಎಂಬ ವೈದ್ಯರೂ ಅವರ ಜೊತೆಗಾರರೂ ಥಲಸ್ಸೇಮಿಯಾದ ಒಂದು ಮಗುವಿಗೆ ಹೀಗೆ ಮಾಡಿ ಗೆದ್ದರು. ಮಜ್ಜೆಯ ಕಸಿಯ ಕೆಲಸಕ್ಕಾಗಿ ಥಾಮಸರಿಗೆ ೧೯೯೦ರಲ್ಲಿ ನೊಬೆಲ್ ಬಹುಮಾನ ಬಂತು. ಈಗ ಬೆಂಗಳೂರಿನಲ್ಲಿಯೂ ಈ ಚಿಕಿತ್ಸೆ ನಡೆಯುತ್ತದೆ. ಆದರೆ ಯಾರದಾದರೂ ಮಜ್ಜೆ ಆಗದು. ನಮ್ಮ ಮೈಯಲ್ಲಿ ಕಾವಲುಗಾರರಾಗಿರುವ ಬಿಳೀ ಕಣಗಳು, ಬಂದವನು ಮನೆಯವನೋ ಪರನೋ ಎಂಬದನ್ನು ಕೆಲವು ಗುರುತುಗಳಿಂದ ತಿಳಕೊಳ್ಳುವವು. ಆ ಗುರುತುಗಳಲ್ಲಿ ಮೊದಲನೆಯದನ್ನು ೧೯೫೮ರಲ್ಲಿ ಕಂಡುಹಿಡಿದವರು ಫ್ರಾನ್ಸ್ ದೇಶದ ಝಾನ್ ದೊಸ್ಸೆ. ಮಜ್ಜೆಯ ವಿಷಯದಲ್ಲಿ ಒಂದು ವಿಚಿತ್ರವಿದೆ. ಬೇರೆ ಅಂಗವನ್ನು ಕಸಿಮಾಡಿದರೆ ಮನೆಯವರು ಅತಿಥಿಯ ಮೇಲೆ ಬೀಳುವರು. ಮಜ್ಜೆಯೆಂದರೆ ಕಾವಲುಗಾರರನ್ನೇ ತಂದು ಇಟ್ಟಂತಾದದರಿಂದ, ಗುರುತು ಕೂಡದಿದ್ದರೆ ಅತಿಥಿಯೇ ಮನೆಯವರ ಮೇಲೆ ಬೀಳುವನು, ಅದರಿಂದ ಮಗುವಿನ ಜೀವ ಹೋಗಬಹುದು. ಒಂದೇ ತಾಯಿತಂದೆಗಳ ಇಬ್ಬರು ಮಕ್ಕಳಲ್ಲಿ ಈ ಗುರುತುಗಳು ಪೂರಾ ಕೂಡುವದು ನಾಲ್ಕರಲ್ಲಿ ಒಂದು ಪಾಲು. ವಾಹಕರ ಮಜ್ಜೆಯಾದರೂ ಸಲ್ಲುವದು, ಗುರುತು ಕೂಡಿದರೆ ಸಾಕು.

ಮೂವರು ಅಕ್ಕಂದಿರೂ ತಮ್ಮನಿಗಾಗಿ ತೋಳು ಚಾಚಿದರು. ಮೂವರದೂ ಕೂಡಲಿಲ್ಲ. ಆದರೆ ಆ ಸಂಗಡ ಮಾಡಿದ ಪರೀಕ್ಷೆಯಲ್ಲಿ ಹಿರಿಯವಳು ವಾಹಕಳೆಂದು ತಿಳಿದುಬಂತು. ಅಂದರೆ ತಮ್ಮನಿಗೆ ತನ್ನ ಎಲುಬಿನ ಸಾರವನ್ನು ಕೊಡಲು ಮುಂದೆ ಬಂದದ್ದೇ ಅವಳಿಗೆ ಇಂದು ಕಂಟಕವಾಗಿದೆ. ನೋಡಲು ಬಂದ ವರನ ರಕ್ತವನ್ನು ಯಾರೂ ಯಾವಾಗಲೂ ನೋಡಿದ್ದಿಲ್ಲ. ಅವನಲ್ಲಿ ಏನಿದೆ ಎಂಬದು ಅವನಿಗೂ ತಿಳಿಯದು, ಅವನ ತಾಯಿಗೂ ತಿಳಿಯದು. ಹೀಗೆ ತಿಳಿದವಳು ಕಳಂಕವುಳ್ಳವಳು, ತಿಳಿಯದವನು ನಿಷ್ಕಳಂಕನು ಎಂದಾಯಿತು! ಅಜ್ಞಾನವನ್ನೇ ಶುದ್ಧಿಯೆಂದು ಎಣಿಸುವ ತಕ್ಕಡಿಯಲ್ಲಿ ಆ ಹುಡುಗಿಯನ್ನು ತೂಗಬೇಕೆಂದು ನಾವು ಜಗಲಿಯ ಮೇಲೆ ಕೂತು ಅಪ್ಪಣೆ ಕೊಟ್ಟೆವು. ನಮ್ಮ ಉತ್ತರವು ನಮಗೆ ಯಾಕೆ ಒಪ್ಪಲಿಲ್ಲವೆಂಬದು ಈಗ ತಿಳಿಯಿತಷ್ಟೆ.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಗ್ರೀಸ್ ದೇಶದಲ್ಲಿ ಓರ್ಖೊಮೆನೊಸ್ ಎಂಬ ಊರಿದೆ. ಅಲ್ಲಿ ನಾಲ್ಕೈದು ಜನರಲ್ಲಿ ಒಬ್ಬರು ಕುಡುಗೋಲು ಕಣದ ವಾಹಕರು. ೧೯೬೦ರ ದಶಕದಲ್ಲಿ ಪಂಡಿತರು ಅಲ್ಲಿಗೆ ಹೋಗಿ ಎಲ್ಲರ ರಕ್ತ ಪರೀಕ್ಷಿಸಿ, ವಾಹಕರು ವಾಹಕರನ್ನು ಮದುವೆಯಾಗಬಾರದೆಂದು ಬುದ್ಧಿಹೇಳಿ ಬಂದರು. ಕೆಲವು ವರುಷಗಳ ಬಳಿಕ ಜಾರ್ಜ್ ಸ್ಟಮಾಟೊಯಾನೊಪುಲೊಸ್ ಎಂಬವರು ಪುನಃ ಹೋಗಿ ನೋಡಿದರು. ಅವರ ಬರಹವು ೧೯೭೪ರಲ್ಲಿ ಪ್ರಕಟವಾಯಿತು. ವಾಹಕರು ವಾಹಕರನ್ನು ಕೂಡಿದ ಮದುವೆಗಳು ಪರೀಕ್ಷೆಯೇ ಇಲ್ಲದಿದ್ದರೆ ಎಷ್ಟಾಗುತ್ತಿದ್ದವೋ ಅಷ್ಟೇ ಆಗಿದ್ದವು. ವಾಹಕರೆಂಬ ಹೆಸರು ಬಿದ್ದವರಿಗೆ ಸಂಬಂಧಗಳು ತಪ್ಪುತ್ತಿದ್ದದರಿಂದ ಬಹುಜನರು ಅದನ್ನು ಮುಚ್ಚಿಟ್ಟಿದ್ದರು. ಆ ಊರಿನವರು ಸುಳ್ಳುಗಾರರೆಂದು ನಾವು ಹೇಳಲಾರೆವು. ಸತ್ಯ ಹೇಳಿದವನಿಗೆ ದಂಡ ವಿಧಿಸುವ ಊರಿನಲ್ಲಿ ಸತ್ಯವು ಅಡಗಿಕೊಳ್ಳುವದು, ಅಷ್ಟೇ.

ಇದಕ್ಕಿಂತ ಕಠಿಣವಾದ ಸಲಹೆಯನ್ನೂ ಒಬ್ಬ ಮಹಾ ಪಂಡಿತರು ಕೊಟ್ಟರು. ಕುಡುಗೋಲು ಕಣ ರೋಗವು ಹೀಮೋಗ್ಲೋಬಿನ್ನಿನ ಅಣುವಿನಲ್ಲಿರುವ ದೋಷವೆಂದು ೧೯೪೯ರಲ್ಲಿ ತನ್ನ ಜೊತೆಗಾರರೊಂದಿಗೆ ತೋರಿಸಿಕೊಟ್ಟವರು ಲೈನಸ್ ಪೌಲಿಂಗ್. ಅಣುಬಾಂಬುಗಳ ವಿರುದ್ಧ ಹೋರಾಡಿ ಶಾಂತಿಯ ನೊಬೆಲ್ ಬಹುಮಾನವನ್ನೂ ಪಡೆದ ದಯಾಳು ಮನುಷ್ಯರು. ಅವರು ೧೯೬೮ರಲ್ಲಿ, ವಾಹಕರಾದ ಪ್ರತಿಯೊಬ್ಬ ಯೌವನಸ್ಥರ ಹಣೆಯ ಮೇಲೆ ಒಂದು ಗುರುತನ್ನು ಹಚ್ಚೆಚುಚ್ಚಬೇಕು, ಆಗ ಇಬ್ಬರು ವಾಹಕರು ಒಬ್ಬರನ್ನೊಬ್ಬರು ಕಂಡ ಕೂಡಲೆ ತಿಳಕೊಂಡು ದೂರವಿರುವರು ಎಂದು ಬರೆದರು. ಮಕ್ಕಳ ನೋವನ್ನು ತಪ್ಪಿಸಬೇಕೆಂಬ ಕನಿಕರದಿಂದಲೇ ಬರೆದರೆಂಬದರಲ್ಲಿ ಸಂಶಯವಿಲ್ಲ. ಆದರೆ ಹಣೆಬರಹವೆಂಬ ಮಾತಿನ ಕೆಳಗೆ ಎಷ್ಟು ತಲೆಮಾರುಗಳು ನಲುಗಿದವೆಂದು ಬಲ್ಲ ನಮಗೆ ಈ ಸಲಹೆಯನ್ನು ಓದಿ ಮೈ ನಡುಗಿತು. ಕನಿಕರವು ಸಹ ಮನುಷ್ಯನನ್ನು ಬಿಟ್ಟು ಲೆಕ್ಕವನ್ನು ಹಿಡಿದರೆ ಎಲ್ಲಿಗೆ ಹೋಗಿ ಮುಟ್ಟುವದೋ ನೋಡಿರಿ.

ಹಾಗಾದರೆ ಮುಚ್ಚಿಡುವದೇ ಸರಿಯೋ? ಹಾಗೂ ಅಲ್ಲ. ಸೈಪ್ರಸ್ ದ್ವೀಪದವರು ಬೇರೆ ದಾರಿ ಹಿಡಿದರು. ಅಲ್ಲಿ ಏಳು ಜನರಲ್ಲಿ ಒಬ್ಬರು ಥಲಸ್ಸೇಮಿಯಾದ ವಾಹಕರು. ರೋಗದ ಮಕ್ಕಳು ಹೀಗೆಯೇ ಹೆಚ್ಚುತ್ತಾ ಹೋದರೆ ದ್ವೀಪದ ರಕ್ತವೂ ಬೊಕ್ಕಸವೂ ಸಾಲದೆ ಹೋಗುವವೆಂದು ೧೯೭೦ರ ದಶಕದಲ್ಲಿ ಕಂಡುಬಂತು. ಆಗ ವೈದ್ಯರೂ ಹೆತ್ತವರೂ ಸಭೆಯವರೂ ಕೂಡಿ ವಿಚಾರಿಸಿದರು. ೧೯೮೩ರಿಂದ ಸೈಪ್ರಸ್ಸಿನ ಆರ್ಥಡಾಕ್ಸ್ ಸಭೆಯು, ದೇವಾಲಯದಲ್ಲಿ ಮದುವೆಯಾಗುವ ಪ್ರತಿಯೊಬ್ಬ ವಧುವೂ ವರನೂ ರಕ್ತ ಪರೀಕ್ಷೆಯ ಚೀಟಿಯನ್ನು ತರಬೇಕೆಂದು ಗೊತ್ತುಮಾಡಿತು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಚೀಟಿಯನ್ನು ಎಲ್ಲರಿಂದ ಕೇಳಿದರು. ರೋಗದ ಮನೆಯವರಿಂದ ಮಾತ್ರವಲ್ಲ. ಮತ್ತು ಆ ಚೀಟಿಯಲ್ಲಿ, ಇವರಿಗೆ ಪರೀಕ್ಷೆಯಾಗಿದೆ, ಬುದ್ಧಿ ಹೇಳಿಯಾಗಿದೆ ಎಂದಿರುತ್ತದೆಯೇ ಹೊರತು ಫಲವೇನೆಂದು ಇರುವದಿಲ್ಲ. ಅದು ಆ ಇಬ್ಬರಿಗೆ ಮಾತ್ರ ತಿಳಿಯುವದು. ಮದುವೆಗೆ ಅಡ್ಡಿಯೂ ಇಲ್ಲ. ಇಬ್ಬರೂ ವಾಹಕರೆಂದು ತಿಳಿದ ಬಳಿಕವೂ ಹೆಚ್ಚಿನವರು ಮದುವೆಯನ್ನು ಮುರಿಯಲಿಲ್ಲ. ರೋಗದಿಂದ ಹುಟ್ಟುವ ಮಕ್ಕಳ ಸಂಖ್ಯೆ ಮಾತ್ರ ಸೊನ್ನೆಯ ಸಮೀಪಕ್ಕೆ ಇಳಿಯಿತು.

ಹೇಗೆ ಇಳಿಯಿತೆಂದು ಕೇಳುವವರಿಗೆ ಪ್ರಾಮಾಣಿಕವಾಗಿ ಹೇಳಬೇಕು. ಬಹುಮಟ್ಟಿಗೆ ಗರ್ಭದಲ್ಲಿರುವ ಶಿಶುವನ್ನು ಪರೀಕ್ಷಿಸಿ, ರೋಗವಿದ್ದರೆ ಗರ್ಭವನ್ನು ಇಳಿಸಿದ್ದರಿಂದ. ಆ ಸಭೆಯು ಗರ್ಭಪಾತವನ್ನು ಒಪ್ಪುವದಿಲ್ಲ. ಆದರೂ ಚೀಟಿಯ ಕ್ರಮವನ್ನು ಒಪ್ಪಿತು. ಈ ವಿಷಯದಲ್ಲಿ ನಮ್ಮ ಸಭೆಗಳಲ್ಲಿ ಒಂದೇ ಮನಸ್ಸಿಲ್ಲ, ಒಂದು ಲೇಖನದಲ್ಲಿ ತೀರುವ ಮಾತೂ ಇದಲ್ಲ. ಒಂದನ್ನು ಮಾತ್ರ ಹೇಳುತ್ತೇವೆ. ಆ ಕಠಿಣವಾದ ಬಾಗಿಲಿನ ಮುಂದೆ ನಿಲ್ಲಬಾರದೆಂದು ಇಚ್ಛಿಸುವವರು, ಮದುವೆಯ ಮಾತು ಎತ್ತುವ ಮೊದಲೇ ತಿಳಕೊಂಡಿರಬೇಕು. ಉಂಗುರ ತೊಡಿಸಿದ ಮೇಲೆ ತಿಳಿಯುವದು ತಡ. ಬಸುರಿನಲ್ಲಿ ತಿಳಿಯುವದು ಇನ್ನೂ ತಡ. ಗರ್ಭಪಾತವನ್ನು ಖಂಡಿಸಿ ಮಾತಾಡುತ್ತಾ ರಕ್ತ ಪರೀಕ್ಷೆಯ ವಿಷಯದಲ್ಲಿ ಸುಮ್ಮನಿರುವವರು ಹಳ್ಳಕ್ಕೆ ಬಿದ್ದವನನ್ನು ಬೈದು ಹಳ್ಳವನ್ನು ಹಾಗೆಯೇ ಬಿಟ್ಟಂತಾಗುವದು.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ನಮ್ಮ ಊರು ಸೈಪ್ರಸ್ ಅಲ್ಲ. ಇಲ್ಲಿ ಯಾರೂ ಚೀಟಿ ಕೇಳುವದಿಲ್ಲ. ಅವಳು ಏನು ಮಾಡಬೇಕು?

ಹೇಳಬೇಕೆಂದೇ ಈಗಲೂ ನಮ್ಮ ಅಭಿಪ್ರಾಯ. ಆದರೆ ಕಾರಣವೂ ಬೇರೆ, ರೀತಿಯೂ ಬೇರೆ. ಮದುವೆಯ ಮಾತುಕತೆಯಲ್ಲಿ ಎರಡೂ ಮನೆಯ ಹಿರಿಯರು ಕೂತಿರುವರು, ನಡುವೆ ಮಾತಾಡುವವರು ಕೂತಿರುವರು. ಯಾರ ಮೈಯಲ್ಲಿ ಸೂಜಿ ಚುಚ್ಚಬೇಕಾಗುವದೋ ಆ ಮಗುವು ಮಾತ್ರ ಅಲ್ಲಿಲ್ಲ. ಮುಚ್ಚಿಟ್ಟ ಮಾತಿನ ಬೆಲೆಯನ್ನು ಅದು ತೆರಬೇಕಾಗುವದು. ಮಗಳ ಸುಖವನ್ನು ಮಗಳು ಪಣವಾಗಿ ಇಡಬಹುದು. ಬಾಯಿಲ್ಲದವನ ಸುಖವನ್ನು ಪಣವಾಗಿ ಇಡುವ ಅಧಿಕಾರ ಯಾರಿಗೂ ಇಲ್ಲ.

ರೀತಿಯೆಂದರೆ, ಬೀಗರ ಪಡಸಾಲೆಯಲ್ಲಿ ತಪ್ಪೊಪ್ಪಿಗೆ ಮಾಡಿದಂತೆ ಹೇಳತಕ್ಕದ್ದಲ್ಲ. ಈ ಗುಟ್ಟು ಅವಳೊಬ್ಬಳದೂ ಅಲ್ಲ. ಅವಳ ತಂದೆತಾಯಿಗಳದು, ಇನ್ನೂ ಪರೀಕ್ಷೆಯ ಪೂರಾ ವರದಿ ನೋಡದ ತಂಗಿಯರದು. ಆದದರಿಂದ ಕೇಳುವ ಹಕ್ಕುಳ್ಳವನು ವರನೊಬ್ಬನೇ. ಅವನಿಗೆ, ನನ್ನ ರಕ್ತವನ್ನು ನಾನು ನೋಡಿಸಿಕೊಂಡಿದ್ದೇನೆ, ಹೀಗಿದೆ, ನೀವೂ ನೋಡಿಸಿಕೊಳ್ಳಿರಿ ಎಂದು ಹೇಳಬೇಕು. ಆಗ ಅದು ತಪ್ಪೊಪ್ಪಿಗೆಯಾಗದೆ ಸರಿಸಮನಾದವರ ಮಾತಾಗುವದು. ಅವನು ವಾಹಕನಲ್ಲದಿದ್ದರೆ ಅವರ ಮಕ್ಕಳಲ್ಲಿ ಒಬ್ಬನಿಗೂ ಈ ರೋಗ ಬರುವದಿಲ್ಲ. ಪರಕೀಯನಾದ ನೂರು ವರರಲ್ಲಿ ತೊಂಬತ್ತಾರು ಮಂದಿ ಹಾಗೆಯೇ ಇರುವರು. ಇದನ್ನು ಕೇಳಿ ಆ ತಾಯಿಯ ಮುಖ ಮೊದಲ ಸಲ ಅರಳಿತು. ಅವಳಿಗೆ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಹೀಗೆ ಹೇಳಿದರೂ ಸಂಬಂಧ ಮುರಿಯಬಹುದು. ಮುರಿಯುವದಿಲ್ಲವೆಂದು ನಾವು ಮಾತು ಕೊಡಲಾರೆವು, ಕೊಡಲೂ ಇಲ್ಲ.

ಇಲ್ಲಿ ಇನ್ನೊಂದನ್ನು ಹೇಳದೆ ಇರಲಾರೆವು. ಈ ಸಂಬಂಧಕ್ಕೆ ಮುಂಚೆ ಹುಡುಗಿಯನ್ನು ತಾಯಿಯ ತಮ್ಮನಿಗೇ ಕೊಡುವ ಮಾತಿತ್ತಂತೆ. ಸೋದರಮಾವನಾದರೆ ಗುಟ್ಟು ಮನೆಯೊಳಗೇ ಉಳಿಯುವದು, ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂಬ ಆಲೋಚನೆ. ಅಯ್ಯೋ! ತಾಯಿಯು ವಾಹಕಳಾಗಿರುವಾಗ ಅವಳ ಒಡಹುಟ್ಟಿದವನಲ್ಲಿ ಅದೇ ಪಾಲು ಇರುವದು ಎರಡರಲ್ಲಿ ಒಂದು. ಪರಕೀಯನಲ್ಲಿ ನೂರಕ್ಕೆ ನಾಲ್ಕು, ಮಾವನಲ್ಲಿ ನೂರಕ್ಕೆ ಐವತ್ತು. ಒಬ್ಬ ಅಜ್ಜನ ಪಾಲು ಎರಡು ದಾರಿಗಳಿಂದ ಬಂದು ಒಂದೇ ತೊಟ್ಟಿಲಲ್ಲಿ ಸೇರುವ ಬಗೆ ಇದು. ಹೊಲ ಹಂಚಿಹೋಗಬಾರದೆಂದು ಒಳಗೊಳಗೇ ಕೊಟ್ಟು ತರುವ ನಮ್ಮ ಮನೆಗಳು ಇದನ್ನು ಲೆಕ್ಕಕ್ಕೆ ತಕ್ಕೊಳ್ಳಲಿ.

ನಮ್ಮ ರಾಜ್ಯದ ಚಾಮರಾಜನಗರ, ಮೈಸೂರು, ಕೊಡಗು ಸೀಮೆಗಳ ಕಾಡಿನ ಜನರಲ್ಲಿ ಕುಡುಗೋಲು ಕಣ ರೋಗವಿದೆ. ದಕ್ಷಿಣ ಇಂಡಿಯಾದಲ್ಲಿ ಇದು ಮೊದಲು ತಿಳಿದದ್ದು ೧೯೫೨ರಲ್ಲಿ, ಲೇಮನ್ ಮತ್ತು ಕಟ್‌ಬುಷ್ ಎಂಬ ಪಂಡಿತರು ನೀಲಗಿರಿಯಲ್ಲಿ ಮಾಡಿದ ಶೋಧನೆಯಿಂದ. ೨೦೨೩ರ ಜುಲೈ ೧ರಂದು ಕೇಂದ್ರ ಸರಕಾರವು ಈ ರೋಗವನ್ನು ೨೦೪೭ರೊಳಗೆ ನಿಲ್ಲಿಸುವ ಗುರಿಯಿಂದ ಏಳು ಕೋಟಿ ಜನರನ್ನು ಪರೀಕ್ಷಿಸುವ ಕೆಲಸವನ್ನು ಆರಂಭಿಸಿತು. ಪರೀಕ್ಷೆಯಾದವರಿಗೆ ಕಾರ್ಡುಗಳನ್ನು ಕೊಡುವ ಕ್ರಮವಿದೆ. ಒಳ್ಳೇ ಕೆಲಸವೇ. ಆದರೆ ಆ ಕಾರ್ಡು ಹುಡುಗಿಯ ಕೈಯಲ್ಲಿ ದಾರಿ ತೋರಿಸುವ ದೀಪವಾಗುವದೋ, ಪೌಲಿಂಗರ ಹಚ್ಚೆಯಾಗಿ ಹಣೆಗೆ ಅಂಟುವದೋ ಎಂಬದು ಸರಕಾರದ ಕೈಯಲ್ಲಿಲ್ಲ. ನೋಡುವ ಬೀಗರ ಕೈಯಲ್ಲಿದೆ. ಸಭೆಯ ಹಿರಿಯರು ತಮ್ಮ ಮಕ್ಕಳನ್ನೇ ಮೊದಲು ಪರೀಕ್ಷೆಗೆ ಕಳುಹಿಸಿದರೆ, ಕಾಯಿಲೆಯಿಲ್ಲದ ಮನೆಗಳೇ ಮೊದಲು ತೋಳು ಚಾಚಿದರೆ, ಉಳಿದವರಿಗೆ ನಾಚಿಕೆ ತಾನಾಗಿಯೇ ಬಿಡುವದು. ತೋಳಿನಿಂದ ಒಂದೆರಡು ಚಮಚದಷ್ಟು ರಕ್ತ ತೆಗೆಯುವರು, ಬೇರೇನೂ ಇಲ್ಲ. ಫಲವನ್ನು ಮಾತ್ರ ದೇವಾಲಯದಲ್ಲಿ ಮದುವೆಯ ಪ್ರಕಟನೆಯಂತೆ ಓದಬಾರದು, ಉಪದೇಶಿಯ ಕಿವಿಗೂ ಹಾಕಬೇಕಾಗಿಲ್ಲ.

ಕೊನೆಗೆ ನಮ್ಮನ್ನು ಬಹಳ ಕಾಡಿದ ಒಂದು ಮಾತು. ನಾವು ಎರಡನೆಯ ಸಲ ಆ ಮನೆಗೆ ಹೋಗಿ, ಇಂಥ ಮಕ್ಕಳು ಹುಟ್ಟದಂತೆ ನೋಡಿಕೊಳ್ಳುವದು ಹೇಗೆಂದು ತಾಯಿಗೆ ವಿವರಿಸುತ್ತಿರುವಾಗ ಆ ಹುಡುಗನು ಬಾಗಿಲ ಬಳಿಯಲ್ಲಿ ಪುಸ್ತಕ ಹಿಡುಕೊಂಡು ಕೂತಿದ್ದನು. ನಮ್ಮ ಮಾತು ಅಲ್ಲಿಗೆ ನಿಂತಿತು. ಅವನ ಕಿವಿಗೆ ಅದು ಹೇಗೆ ಕೇಳಿರಬೇಕು? ರೋಗ ಬಾರದಿರಲಿ ಎಂಬದೂ ನೀನು ಬಾರದೆ ಇದ್ದರೆ ಚೆನ್ನಾಗಿತ್ತು ಎಂಬದೂ ಒಂದೇ ಅಲ್ಲವೆಂದು ನಮಗೆ ದೃಢವಾಗಿ ಗೊತ್ತು. ಆದರೆ ಹನ್ನೊಂದು ವರುಷದವನಿಗೆ ಅವೆರಡರ ನಡುವಣ ಅಂತರವನ್ನು ಮಾತಿನಿಂದ ತೋರಿಸಲು ನಮ್ಮಿಂದಾಗಲಿಲ್ಲ. ಅವನ ಅಕ್ಕನು ಹೊಲಿಗೆಯ ಯಂತ್ರವನ್ನು ನಿಲ್ಲಿಸಿ, “ಇವನಿಲ್ಲದಿದ್ದರೆ ನನಗೆ ಸೂಜಿಗೆ ದಾರ ಪೋಣಿಸಿಕೊಡುವವರು ಯಾರು?” ಎಂದು ಹೇಳಿ ತಿರುಗಿ ಹೊಲಿಯಲಾರಂಭಿಸಿದಳು. ಅವನು ನಕ್ಕನು.

ಅವಳು ವರನಿಗೆ ತಾನೇ ಹೇಳಿದಳೆಂದು ಆಮೇಲೆ ತಿಳಿಯಿತು. ಅವನ ಅಕ್ಕನನ್ನು ಕೂಡಿಸಿಕೊಂಡು, ತನ್ನ ಚೀಟಿಯನ್ನು ಮುಂದಿಟ್ಟು ಹೇಳಿದಳಂತೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಪರೀಕ್ಷೆ ಎಲ್ಲಿ ಮಾಡುತ್ತಾರೆಂದು ಕೇಳಿದನಂತೆ. ಮೊನ್ನೆ ಹುಡುಗನು ರಕ್ತ ಹಾಕಿಸಿಕೊಳ್ಳಲು ಹೋದ ದಿನ ಅದೇ ಬೆಳಗಿನ ಬಸ್ಸಿಗೆ ಅವನೂ ಹೋಗಿ ತೋಳು ಚಾಚಿ ಬಂದಿದ್ದಾನೆ. ವರದಿಯು ಇನ್ನೂ ಬಂದಿಲ್ಲ. ಅವನ ತಾಯಿಗೆ ಇನ್ನೂ ತಿಳಿಸಿಲ್ಲ.